ನವಿಲಿನ ಬಾಗಿಲು

ಸುಳ್ಳು ಕೇಳುವುದು ಸಂಘಮಿತ್ರಳಿಗೆ ಹೊಸದೇನಲ್ಲ. ಚಿಂತಾಮಣಿಯಿಂದ ಹೊರಟು ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಗೌರಿಬಿದನೂರು ಸೇರುವ ಸರ್ಕಾರಿ ಬಸ್ಸಿನಲ್ಲಿ ಆಕೆ ಕಂಡಕ್ಟರ್. ಮೀಸೆ ಚಿಗುರಿದ ಮಗನಿಗೆ ಅರ್ಧ ಟಿಕೆಟ್ ಕೇಳುವ ಅಪ್ಪಂದಿರು, ಗಡಿಯಾಚೆಯಿಂದ ಬಂದು ‘ಆಧಾರ್ ಮನೇಲಿ ಮರೆತೆ’ ಎನ್ನುವ ಹೆಂಗಸರು, ಮೂಟೆಯ ಮೇಲೇ ಕೂತುಕೊಂಡು ‘ಈ ಮೂಟೆ ನಂದಲ್ಲ’ ಎನ್ನುವ ಗಂಡಸರು, ಎಲ್ಲರನ್ನೂ ಕಂಡಿದ್ದಳು. ಬಾಯಿ ತೆರೆಯುವ ಮೊದಲೇ ಇವರು ಹೇಳುವುದೇನು ಎಂದು ತಿಳಿದುಹೋಗುತ್ತಿತ್ತು. ಆದರೂ ಮೋಹನ್‌ಬಾಬು ಎಂಬ ಕಂಟ್ರಾಕ್ಟರು ಮಾತ್ರ ಅವಳನ್ನು ತಿಂಗಳುಗಟ್ಟಲೆ ನಂಬಿಸಿದ. ಅದಕ್ಕೆ ಕಾರಣ ಅವನ ದನಿ. ತುಂಬಿದ ಕೊಡದಂಥ ದನಿ. ‘ನೀವು ತಲೆ ಕೆಡಿಸ್ಕೋಬೇಡಿ ಅಕ್ಕಾ’ ಎಂದು ಅವನು ಫೋನಿನಲ್ಲಿ ಹೇಳಿದರೆ, ತಲೆ ಕೆಡಿಸಿಕೊಂಡದ್ದೇ ತನ್ನ ತಪ್ಪು ಎನ್ನಿಸುತ್ತಿತ್ತು.

ಶಿಡ್ಲಘಟ್ಟದ ಅಂಚಿನಲ್ಲಿ, ಗೂಡು ಬೇಯಿಸುವ ವಾಸನೆ ಹಗಲೆಲ್ಲ ಸುಳಿಯುವ ಬೀದಿಯಲ್ಲಿ ಅವರ ಮನೆ. ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿ ಬೆರಳು ಸವೆಸಿದ ಅವಳ ಅಪ್ಪ ಕೋನಪ್ಪ ಕಟ್ಟಿಸಿದ್ದು. ಅಪ್ಪ ಈಗಿಲ್ಲ. ಮನೆಯಲ್ಲಿ ಇರುವುದು ಅಮ್ಮ ಗಂಗುಲಮ್ಮ, ಸಂಘಮಿತ್ರ, ಅವಳ ಗಂಡ ಸುನೀಲ್. ಸುನೀಲ್ ಗೌರಿಬಿದನೂರಿನ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತ. ಒಳ್ಳೆಯವನು. ಜಗಳವೆಂದರೆ ಅವನಿಗೆ ಜ್ವರ ಬರುತ್ತದೆ. ‘ಹೋಗ್ಲಿ ಬಿಡು’ ಎಂಬುದು ಅವನ ಉಸಿರಿನಷ್ಟೇ ಸಲೀಸಾದ ಮಾತು.

ಗಂಗುಲಮ್ಮನಿಗೆ ಮಂಡಿ ಹಿಡಿದುಕೊಂಡ ಮೇಲೆ ಹಿತ್ತಲಿನ ಬಚ್ಚಲು, ಕಕ್ಕಸಿಗೆ ಮೆಟ್ಟಿಲಿಳಿದು ಹೋಗುವುದು ಕಷ್ಟವಾಯಿತು. ನಡುಮನೆಗೆ ಅಂಟಿಕೊಂಡಂತೆ, ಕೂರುವ ಕಮೋಡು, ಹಿಡಿಯಲು ಸ್ಟೀಲ್ ಕಂಬಿ, ಜಾರದ ಟೈಲ್ಸು ಇರುವ ಹೊಸ ಬಚ್ಚಲು ಕಟ್ಟಿಸಬೇಕೆಂದು ಸಂಘಮಿತ್ರ ನಿರ್ಧರಿಸಿದಳು. ಅಡಿಗೆಮನೆಯ ಕಿಟಕಿಯನ್ನೂ ದೊಡ್ಡದು ಮಾಡಿಸುವುದು, ಸೂರಿನ ಸೋರಿಕೆ ನಿಲ್ಲಿಸುವುದು ಎಂದು ಕೆಲಸ ಸ್ವಲ್ಪ ಬೆಳೆಯಿತು. ಸುನೀಲನ ಸ್ನೇಹಿತರೊಬ್ಬರು ಚಿಂತಾಮಣಿಯ ಮೋಹನ್‌ಬಾಬುವಿನ ಹೆಸರು ಹೇಳಿದರು. ಅವನು ಬಂದ, ಅಳತೆ ಹಿಡಿದ. ಸಂಘಮಿತ್ರ ಕೇಳಿದ ಪ್ರಶ್ನೆಗಳಿಗೆಲ್ಲ ಸುನೀಲನ ಮುಖ ನೋಡಿ ಉತ್ತರ ಕೊಟ್ಟ. ಮಾರನೆಯ ದಿನವೇ ಆಳುಗಳನ್ನು ಕರೆತಂದು ಹಳೆಯ ಬಚ್ಚಲು, ಕಕ್ಕಸನ್ನು ಕೆಡವಿ ಹಾಕಿಸಿದ.

“ಹಳೇದನ್ನ ಆಮೇಲೆ ಕೆಡವಿದ್ರೆ ಆಗ್ತಿರ್ಲಿಲ್ವಾ?” ಎಂದು ಅವಳು ಕೇಳಿದ್ದಕ್ಕೆ, “ಹಳೇದು ಹೋದ್ರೇನೇ ಅಕ್ಕಾ ಹೊಸದು ಬರೋದು” ಎಂದು ನಕ್ಕ. ಆ ಮಾತೂ ಆಗ ಚೆನ್ನಾಗಿಯೇ ಕೇಳಿಸಿತ್ತು.

ಗೋಡೆ ಎದ್ದಿತು. ಸೂರು ಹಾಕಿದ್ದಾಯಿತು. ಕಮೋಡು ಕೂತಿತು. ಅಲ್ಲಿಗೆ ಕೆಲಸ ನಿಂತಿತು. ನಲ್ಲಿಯಿಲ್ಲ, ನೆಲವಿಲ್ಲ, ಬಾಗಿಲಿಲ್ಲ. ಬಾಗಿಲನ್ನು ಸಂಘಮಿತ್ರ ತಾನೇ ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ಹುಡುಕಿ ಆರಿಸಿದ್ದಳು. ನೀರಿಗೆ ಹಾಳಾಗದ ಫೈಬರ್ ಬಾಗಿಲು, ಮೇಲೆ ಗರಿ ಬಿಚ್ಚಿದ ಎರಡು ನವಿಲುಗಳ ಚಿತ್ರ. ಅಂಗಡಿಯವನು ಬೂದು ಬಣ್ಣದ್ದು ತೋರಿಸಿದಾಗ ಗಂಗುಲಮ್ಮ, “ಜೀವಮಾನವೆಲ್ಲ ಬೂದು ಗೋಡೆ ನೋಡಿದ್ದಾಯ್ತು ಕಣಮ್ಮ, ನಂಗೆ ನವಿಲಿರೋದೇ ಬೇಕು” ಎಂದು ಹಠ ಹಿಡಿದಿದ್ದಳು. ಚೌಕಟ್ಟಿಗೆ ಹೊಂದಿಸಿ ತರುತ್ತೇನೆಂದು ಮೋಹನ್‌ಬಾಬು ಆ ಬಾಗಿಲನ್ನು ತನ್ನ ಶೆಡ್ಡಿಗೆ ಸಾಗಿಸಿದ. ಆಮೇಲೆ ಬಾಗಿಲೂ ಇಲ್ಲ, ಅವನೂ ಇಲ್ಲ.

ಬಾಗಿಲಿನ ಜಾಗದಲ್ಲಿ ಟಾರ್ಪಾಲು ಕಟ್ಟಿಕೊಂಡರು. ಗಂಗುಲಮ್ಮ ಪಕ್ಕದ ಮನೆಯ ಅಮ್ಮಾಜಮ್ಮನ ಕಕ್ಕಸಿಗೆ ಹೋಗತೊಡಗಿದಳು. ಅಮ್ಮಾಜಮ್ಮ ಹಳೆಯ ಗೆಳತಿ, ಏನೂ ಅಂದುಕೊಳ್ಳುವವಳಲ್ಲ. ಆದರೆ ಅವಳ ಸೊಸೆ ಪ್ರತಿ ಸಲವೂ ಗಂಗುಲಮ್ಮ ಹೊರಬಂದ ಕೂಡಲೇ ಫಿನಾಯಿಲ್ ಡಬ್ಬಿ ಹಿಡಿದು ಒಳಗೆ ಹೋಗುತ್ತಿದ್ದಳು. ಅದನ್ನು ಕಂಡ ದಿನದಿಂದ ಗಂಗುಲಮ್ಮ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ಮಗಳಿಗೆ ಹೇಳಲಿಲ್ಲ. ಒಂದು ದಿನ ಉರಿಮೂತ್ರವೆದ್ದು, ತಲೆ ಸುತ್ತಿ ಬಿದ್ದಾಗ ಡಾಕ್ಟರು ಗದರಿದರು. “ಈ ಬಿಸಿಲಲ್ಲಿ ನೀರು ಯಾಕಮ್ಮ ಕುಡಿಯಲ್ಲ?” ಎಂದು ಕೇಳಿದರೆ ಮುದುಕಿ ಸೀರೆಯ ಸೆರಗಿನ ತುದಿ ನೋಡುತ್ತ ಕೂತಳು. ಸಂಗತಿಯನ್ನು ಹೇಳಿದವಳು ಅಮ್ಮಾಜಮ್ಮ. ಅದೂ ಅಲ್ಲದೆ ಇನ್ನೊಂದು. ಹಿಂದಿನ ವಾರ ಗಾಳಿಗೆ ಟಾರ್ಪಾಲು ಹಾರಿಹೋಗಿ, ಸ್ನಾನಕ್ಕೆ ಕೂತಿದ್ದ ಗಂಗುಲಮ್ಮ ಮೈ ಮುಚ್ಚಿಕೊಳ್ಳಲು ಬಕೆಟ್ಟನ್ನು ಅಪ್ಪಿಕೊಂಡು ಮುದುರಿ ಕೂತಿದ್ದಳಂತೆ, ಅಮ್ಮಾಜಮ್ಮ ಓಡಿಬಂದು ಕಂಬಳಿ ಹೊದಿಸುವವರೆಗೆ.

ಆ ಮಾತು ಕೇಳಿದಾಗ ಸಂಘಮಿತ್ರಳಿಗೆ ಅಳು ಬರಲಿಲ್ಲ. ಮೈಯೆಲ್ಲ ಸುಡುವ ಹಂಚಾಯಿತು. ಅಲ್ಲೇ ಆಸ್ಪತ್ರೆಯ ಬೆಂಚಿನಿಂದಲೇ ಫೋನು ಮಾಡಿದಳು. “ನಾಳೆ ಪೊದ್ದುನ್ನೇ, ಬೆಳಗಾಗೋದ್ರೊಳಗೆ ನಿಮ್ಮನೇಲಿ ಇರ್ತೀನಿ ಅಕ್ಕಾ, ಅಮ್ಮನ ಮೇಲಾಣೆ” ಎಂದ ಮೋಹನ್‌ಬಾಬು. ಯಾರ ಅಮ್ಮ ಎಂದು ಅವಳು ಕೇಳಲಿಲ್ಲ. ಅವನು ಬರಲೂ ಇಲ್ಲ.

ಆ ವಾರದಲ್ಲೇ ಒಂದು ಬೆಳಿಗ್ಗೆ ಚಿಂತಾಮಣಿಯಲ್ಲಿ ಬಸ್ಸು ಎತ್ತಿನಗಾಡಿಯ ಹಿಂದೆ ಸಿಕ್ಕಿಕೊಂಡು ನಿಂತಿತು. ಸಂಘಮಿತ್ರ ಹಿಂಬಾಗಿಲ ಬಳಿ ನಿಂತು ಮತ್ತೆ ಮೋಹನ್‌ಬಾಬುವಿಗೆ ಫೋನು ಹಚ್ಚಿದಳು. ಅವನು ಎತ್ತಿದ. “ಅಕ್ಕಾ, ಬೆಂಗ್ಳೂರಲ್ಲಿದೀನಿ. ನಿಮ್ದೇ ಟೈಲ್ಸ್ ನೋಡ್ತಿದೀನಿ.” ಮಾತು ಕಿವಿಯಲ್ಲಿರುವಾಗಲೇ ಅವಳ ಕಣ್ಣು ಎದುರಿನ ಮನೆಯ ಮಹಡಿಗೆ ಹೋಯಿತು. ಅದು ನಿವೃತ್ತ ಹೆಡ್‌ಮಾಸ್ಟರ್ ಪುಟ್ಟಸ್ವಾಮಯ್ಯನವರ ಮನೆ. ಅವರು ಆಗಾಗ ಅವಳ ಬಸ್ಸಿನಲ್ಲೇ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದವರು. ಮಹಡಿಗೆ ಹೊಸ ಬಾಲ್ಕನಿ ಎದ್ದಿತ್ತು. ಸರ್ವೆ ಮರದ ಅಟ್ಟಣಿಗೆಯ ಮೇಲೆ, ಕಿವಿಗೆ ಫೋನಿಟ್ಟುಕೊಂಡು, ಒಂದು ಕೈಯಲ್ಲಿ ಕರಣೆ ಹಿಡಿದು ನಿಂತವನು ಮೋಹನ್‌ಬಾಬು.

ಅವಳು ಬಾಗಿಲಿನಿಂದ ಹೊರಗೆ ಬಾಗಿ ಕೂಗಿದಳು. “ಬೆಂಗ್ಳೂರು ಇಷ್ಟು ಹತ್ರ ಬಂದ್ಬಿಡ್ತಾ ಮೋಹನ್‌ಬಾಬು?”

ಅವನು ಕೆಳಗೆ ನೋಡಿದ. ನಾಚಿಕೆಪಡಲಿಲ್ಲ, ಅವಿತುಕೊಳ್ಳಲಿಲ್ಲ. ಕರಣೆ ಎತ್ತಿ ಕೈ ಬೀಸಿದ! ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಗಾಡಿ ಸರಿಯಿತು, ಬಸ್ಸು ಹೊರಟಿತು. ಅಂದು ಚಿಕ್ಕಬಳ್ಳಾಪುರದವರೆಗೆ ಅವಳು ಹರಿದ ಟಿಕೆಟ್ಟುಗಳೆಲ್ಲ ವಕ್ರವಾಗಿ ಹರಿದವು. ಮುಖ್ಯರಸ್ತೆಯ ಹೆಡ್‌ಮಾಸ್ಟರರ ಬಾಲ್ಕನಿಗೆ ದಿನಾ ಹೋಗುವ ಕಾಲು, ತನ್ನ ಬೀದಿಯ ಬಚ್ಚಲಿಗೆ ಮಾತ್ರ ಯಾಕೆ ಬರುವುದಿಲ್ಲ? ಪ್ರಶ್ನೆಗೆ ಉತ್ತರ ಗೊತ್ತಿಲ್ಲದ್ದೇನಲ್ಲ.

ಸಂಜೆ ಸುನೀಲ್ ಎಂದಿನಂತೆ, “ಹೋಗ್ಲಿ ಬಿಡು, ಜಾಸ್ತಿ ಅಂದ್ರೆ ಪೂರ್ತಿ ಕೈಬಿಟ್ಬಿಡ್ತಾನೆ” ಎಂದ.

“ಈಗ ಕೈಹಿಡ್ದಿದಾನಾ?” ಎಂದಳು ಸಂಘಮಿತ್ರ.

ಅಮ್ಮನ ಮುಖ ಬಾಡಿಹೋಗಿತ್ತು. ಅದನ್ನು ಅರಳಿಸುವ ದಾರಿ ಅವಳಿಗೆ ಒಂದೇ ಗೊತ್ತು, ನಾಟಕ. ಕಿರೀಟ, ಗದೆ, ಹಾರ್ಮೋನಿಯಂ, ರಾಗವಾಗಿ ಹಾಡುವ ಕಂದಪದ್ಯ ಇರುವ ಪೌರಾಣಿಕ ನಾಟಕಗಳೆಂದರೆ ಆ ಮನೆಯಲ್ಲಿ ಅಪ್ಪನ ಕಾಲದಿಂದಲೂ ಪ್ರಾಣ. ಕೋನಪ್ಪ ಮಗಳನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಕೈವಾರದ ಕಡೆಯ ಹಳ್ಳಿಗಳವರೆಗೂ ಹೋಗುತ್ತಿದ್ದ. ಅಲ್ಲಿ ಅವರು ಚಾಪೆ ಹಾಸಿದ್ದ ಜಾಗದಿಂದ ದೂರ, ಹುಣಸೆಮರದ ಬುಡದಲ್ಲಿ ನಿಲ್ಲಬೇಕಿತ್ತು. ರಾಜನ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಆದ್ದರಿಂದಲೇ ಏನೋ, ಸಂಘಮಿತ್ರ ಈಗ ಯಾವ ನಾಟಕಕ್ಕೆ ಹೋದರೂ ಬೇಗ ಹೋಗಿ ಮೊದಲ ಸಾಲಿನ ಕುರ್ಚಿಯನ್ನೇ ಹಿಡಿಯುತ್ತಿದ್ದಳು.

ಚಿಂತಾಮಣಿಯ ಒಂದು ಸಭಾಭವನದಲ್ಲಿ ಭಾನುವಾರ ಹಗಲೆಲ್ಲ ನಾಟಕೋತ್ಸವವೆಂದು ವಾಟ್ಸ್ಆಪ್‌ನಲ್ಲಿ ಸುದ್ದಿ ಬಂತು. ಅಂದು ಅವಳಿಗೆ ವಾರದ ರಜೆ. ಗಂಗುಲಮ್ಮನಿಗೆ ಮಂಡಿಗೆ ಪಟ್ಟಿ ಕಟ್ಟಿ, ಹೂ ಮುಡಿಸಿ ಕರೆದುಕೊಂಡು ಹೋದಳು. ಮಧ್ಯಾಹ್ನದ ನಾಟಕದ ಹೆಸರು ‘ವಚನಪಾಲ ಮಹಾರಾಜ’. ಕೊಟ್ಟ ಮಾತು ಉಳಿಸಿಕೊಳ್ಳಲು ರಾಜ್ಯ ಬಿಟ್ಟು, ಹೆತ್ತ ಮಗನನ್ನೇ ಪರರಿಗೆ ಒಪ್ಪಿಸುವ ರಾಜನ ಕಥೆ.

ಪರದೆ ಎದ್ದಿತು. ರಾಜ ಬಂದ. ಮುಖಕ್ಕೆ ಗುಲಾಬಿ ಬಣ್ಣ, ಹುರಿಗೊಳಿಸಿದ ಮೀಸೆ, ಮಿಣಮಿಣ ಎನ್ನುವ ಕಿರೀಟ. ಮೊದಲ ಆಲಾಪ ತೆಗೆದ ಕೂಡಲೇ ಸಭೆ ಸ್ತಬ್ಧವಾಯಿತು. ಎಂಥ ಕಂಠ! ಹಾರ್ಮೋನಿಯಂ ಮೇಷ್ಟ್ರು ತಲೆದೂಗಿ ಹಿಂದೆ ಬೀಳುತ್ತಿದ್ದರು. ಮಗನನ್ನು ಬೀಳ್ಕೊಡುವ ದೃಶ್ಯದಲ್ಲಿ ರಾಜ ಮುಖಾರಿ ರಾಗದಲ್ಲಿ ಹಾಡಿದಾಗ ಗಂಗುಲಮ್ಮ ಬಾಯಿಗೆ ಸೆರಗು ಹಚ್ಚಿದಳು. ಸಂಘಮಿತ್ರಳ ಕಣ್ಣಿನಿಂದಲೂ ನೀರು ಇಳಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಬಾರದ ಅಳು ಅಲ್ಲಿ ಬಂತು. ಎಷ್ಟೋ ದಿನಗಳಿಂದ ಎದೆಯೊಳಗೆ ಕಲ್ಲಾಗಿದ್ದುದು ಕರಗಿದಂತಾಗಿ, ಈ ಮನುಷ್ಯ ಯಾರೇ ಇರಲಿ, ಚೆನ್ನಾಗಿರಲಿ ಎಂದು ಹರಸಿದಳು.

ಆಮೇಲೆ ರಾಜ, “ಕೊಟ್ಟ ಮಾತಿಗೆ ತಪ್ಪಿದವನ ನೆರಳನ್ನೂ ಈ ನೆಲ ಹೊರದಿರಲಿ!” ಎಂದು ಗುಡುಗಿ, ಅರಮನೆ ತೊರೆದು ಹೊರಡಲು ತಿರುಗಿದ. ಹಿಂದಿನ ಪರದೆ ಸರಿಯಿತು. ಅರಮನೆಯ ಹೆಬ್ಬಾಗಿಲು ಕಾಣಿಸಿತು. ಅದರ ಮೇಲೆ ಗರಿ ಬಿಚ್ಚಿದ ಎರಡು ನವಿಲುಗಳು.

ಸಂಘಮಿತ್ರ ಮೊದಲು ತನ್ನ ಕಣ್ಣನ್ನು ನಂಬಲಿಲ್ಲ. ಗಂಗುಲಮ್ಮ ಮಾತ್ರ ತಡಮಾಡದೆ ಅವಳ ತೊಡೆ ತಟ್ಟಿ, “ಅಮ್ಮಣ್ಣೀ, ನಮ್ ಬಚ್ಚಲು ಬಾಗ್ಲು!” ಎಂದಳು. ಬಾಗಿಲಿನ ಮೂಲೆಗೆ ಅಂಗಡಿಯವನು ಹಚ್ಚಿದ್ದ ಚೀಟಿ ಇನ್ನೂ ಹಾಗೇ ಇತ್ತು. ಆಗ ಸಂಘಮಿತ್ರ ರಾಜನ ಕೈ ನೋಡಿದಳು. ಉಂಗುರಗಳ ನಡುವೆ ಸಿಮೆಂಟು ತಿಂದು ಬಿರಿದ ಬೆರಳುಗಳು. ದನಿ ಆಗ ತಾನಾಗಿಯೇ ಗುರುತಾಯಿತು. ‘ನೀವು ತಲೆ ಕೆಡಿಸ್ಕೋಬೇಡಿ ಅಕ್ಕಾ.’

ಇವನಿಗಾಗಿ ತಾನು ಅತ್ತದ್ದೇ! ಕೆನ್ನೆಯ ಮೇಲೆ ಇನ್ನೂ ಆರದ ಕಣ್ಣೀರನ್ನು ಅವಳು ಅಂಗೈಯಿಂದ ಉಜ್ಜಿ ಒರೆಸಿದಳು. ಅಮ್ಮನ ಮೈ ಮುಚ್ಚಬೇಕಾದ ಬಾಗಿಲು ಇವನ ಅರಮನೆಗೆ ಅಲಂಕಾರವಾಗಿ ನಿಂತಿದೆ. ಅಮ್ಮ ನೀರು ಕುಡಿಯದೆ ಬಿದ್ದ ದಿನಗಳಲ್ಲಿ ಇವನು ಎಲ್ಲೋ ಕೂತು ಸತ್ಯವಂತನ ಮಾತುಗಳನ್ನು ಉರುಹೊಡೆಯುತ್ತಿದ್ದ.

ಅವಳು ಎದ್ದು ನಿಂತಳು. ಅಮ್ಮ ಸೀರೆ ಹಿಡಿದು ಎಳೆದಳು, ನಿಲ್ಲಲಿಲ್ಲ. ನಾಟಕದ ನಡುವೆ ಅಭಿಮಾನಿಗಳು ವೇದಿಕೆ ಹತ್ತಿ ನಟನಿಗೆ ಹಾರ ಹಾಕುವುದು ಅಲ್ಲಿಯ ವಾಡಿಕೆ. ಇವಳೂ ಹಾಗೇ ಬಂದವಳೆಂದುಕೊಂಡು ಮೈಕು ಹಿಡಿದವನು ನಗುತ್ತ, “ತಾಯೀ, ತಮ್ಮ ಹೆಸರು, ಊರು?” ಎಂದು ಮೈಕನ್ನು ಅವಳ ಬಾಯಿಗೆ ಹಿಡಿದ. ಅವಳು ಅದನ್ನು ಕೈಗೇ ತೆಗೆದುಕೊಂಡಳು.

“ನನ್ನ ಹೆಸರು ಸಂಘಮಿತ್ರ. ಊರು ಶಿಡ್ಲಘಟ್ಟ. ನಾನು ಹಾರ ತಂದಿಲ್ಲ. ಆ ಬಾಗ್ಲು ತಗೊಂಡು ಹೋಗಕ್ಕೆ ಬಂದಿದೀನಿ. ಅದು ನಮ್ಮನೆ ಬಚ್ಚಲಿಂದು.”

ಸಭೆ ಗೊಳ್ಳೆಂದು ನಕ್ಕಿತು. ಯಾರೋ ಸಿಳ್ಳೆ ಹಾಕಿದರು. ಹಾರ್ಮೋನಿಯಂ ಒಂದು ಸ್ವರದಲ್ಲೇ ಸಿಕ್ಕಿಕೊಂಡು ಕೊಯ್ಯೆಂದು ನಿಂತಿತು.

“ನಗಬೇಡಿ. ಈ ಮಹಾರಾಜ್ರು ನಮ್ಮ ಹಳೇ ಬಚ್ಚಲು, ಕಕ್ಕಸು ಕೆಡವಿ ಹೋಗಿ ಎಷ್ಟು ಕಾಲ ಆಯ್ತು ಕೇಳಿ. ಮನೇಲಿ ವಯಸ್ಸಾದ ಹೆಂಗಸಿದಾರೆ. ಟಾರ್ಪಾಲು ಕಟ್ಕೊಂಡು ಸ್ನಾನ ಮಾಡ್ತಾರೆ. ಗಾಳಿ ಬಂದ್ರೆ...”

ಮೊದಲ ಸಾಲಿನಲ್ಲಿ ಅಮ್ಮನ ಮುಖ ಕಂಡು ಅವಳ ಮಾತು ಅಲ್ಲೇ ನಿಂತಿತು. ಗಂಗುಲಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಮುಂದಿನದನ್ನು ಸಂಘಮಿತ್ರ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹೆಂಗಸರು ಕೂತಿದ್ದ ಕಡೆ ನಗು ಆಗಲೇ ಸತ್ತುಹೋಗಿತ್ತು.

ರಾಜ ಕಿರೀಟ ಸರಿಮಾಡಿಕೊಳ್ಳುತ್ತ ಹತ್ತಿರ ಬಂದು ಪಿಸುಗುಟ್ಟಿದ. “ಅಕ್ಕಾ, ಪ್ಲೀಸ್. ಇನ್ನೊಂದೇ ಸೀನು. ಮಾನ ಕಳೀಬೇಡಿ.” ಅವಳು ಉತ್ತರ ಕೊಡುವಷ್ಟರಲ್ಲಿ ಕೆಳಗಿನಿಂದ ಬಿಳಿಯ ಪಂಚೆಯ ಪುಟ್ಟಸ್ವಾಮಯ್ಯನವರು ಮೆಟ್ಟಿಲೇರಿ ಬಂದರು. ನಾಟಕ ಮಂಡಳಿಯ ಅಧ್ಯಕ್ಷರು ಅವರೇ ಎಂಬುದು ಎದೆಗೆ ಚುಚ್ಚಿದ್ದ ಬ್ಯಾಡ್ಜಿನಿಂದ ತಿಳಿಯಿತು.

“ಏನಮ್ಮ ಇದು? ಕಲಾದೇವತೆಯ ಎದುರಿಗೆ ಬಚ್ಚಲ ಮಾತೇ?”

“ಬಚ್ಚಲ ಮಾತು ಬಚ್ಚಲಲ್ಲೇ ಆಡಣ ಅಂದ್ರೆ ಅದಕ್ಕೆ ಬಾಗ್ಲಿಲ್ಲ ಸಾರ್.”

“ನಾಟಕ ಮುಗಿಯಲಿ. ಆಮೇಲೆ ಧಾರಾಳವಾಗಿ ತೆಗೆದುಕೊಂಡು ಹೋಗು. ಒಂದು ಬಾಗಿಲಿಗೋಸ್ಕರ ಇಷ್ಟು ಜನರ ರಸಾನುಭವ ಕೆಡಿಸೋದು ಸಂಸ್ಕಾರವಲ್ಲ.”

ಸಂಸ್ಕಾರ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಮೈಕನ್ನು ಕೆಳಗಿಳಿಸಿದಳು. ಈಗ ಕೇಳುವ ಪ್ರಶ್ನೆಗೆ ಮೈಕು ಬೇಕಿರಲಿಲ್ಲ. “ನಿಮ್ಮನೆ ಬಚ್ಚಲಿಗೆ ಬಾಗ್ಲು ಇದೆಯಾ ಸಾರ್?”

ಪುಟ್ಟಸ್ವಾಮಯ್ಯನವರು ಎದೆಯ ಬ್ಯಾಡ್ಜನ್ನು ಸರಿಮಾಡಿಕೊಂಡರು.

“ನಿಮ್ಮ ಬಾಲ್ಕನಿ ಮುಗೀತು. ಗ್ರಿಲ್ಲಿಗೆ ಬಣ್ಣನೂ ಆಯ್ತು, ಬಸ್ಸಲ್ಲಿ ಹೋಗ್ತಾ ನೋಡಿದೆ. ನೀವು ಅಲ್ಲಿ ನಿಂತು ಗಾಳಿ ತಗೋಳಿ, ಬೇಡ ಅನ್ನಲ್ಲ. ನಮ್ಮಮ್ಮ ಮರೇಲಿ ನಿಂತು ಸ್ನಾನ ಮಾಡ್ಬೇಕು. ಅಷ್ಟೇ.”

ಆಗ ನಡೆದದ್ದನ್ನು ಯಾರೂ ಎಣಿಸಿರಲಿಲ್ಲ. ರಾಣಿಯ ಪಾತ್ರ ಮಾಡುತ್ತಿದ್ದ ವೆಂಕಟರತ್ನಮ್ಮ, ಗೌರಿಬಿದನೂರಿನ ಕಸುಬುದಾರ ನಟಿ, ಪಕ್ಕದ ಪರದೆಯಿಂದ ಸರಸರ ಬಂದು ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿದಳು.

“ಹಿಡ್ಕೊಳಮ್ಮ ಆ ಕಡೆ” ಎಂದಳು. “ಇಷ್ಟು ವರ್ಷದಿಂದ ಬಣ್ಣ ಹಚ್ತಿದೀನಿ, ಒಂದೂರಲ್ಲೂ ನಾವು ಸೀರೆ ಬದಲಾಯಿಸೋ ಕೋಣೆಗೆ ಬಾಗ್ಲಿರಲ್ಲ. ಕೇಳಿದ್ರೆ ಅಡ್ಜಸ್ಟ್ ಮಾಡ್ಕೊಳಿ ಅಂತಾರೆ. ಇಲ್ಲೂ ಅದೇನೆ. ಇವತ್ತು ಇವ್ರು ಅಡ್ಜಸ್ಟ್ ಮಾಡ್ಕೊಳ್ಳಲಿ.”

ರಾಣಿ ಒಂದು ಕಡೆ, ಕಂಡಕ್ಟರು ಒಂದು ಕಡೆ. ಬಾಗಿಲು ಬಿಚ್ಚಿಬಂತು. ಚೌಕಟ್ಟಿಗೆ ಕಟ್ಟಿದ್ದು ಬರೀ ಸುತಲಿ ಹಗ್ಗ. ಹೆಂಗಸರ ಕಡೆಯಿಂದ ಚಪ್ಪಾಳೆ ಬಿತ್ತು. ಗಂಡಸರ ಕಡೆಯಿಂದ ಬೈಗುಳವೂ ಬಂತು. ‘ಇವ್ರನ್ನೆಲ್ಲ ಮುಂದೆ ಕೂರಿಸಿದ್ದೇ ತಪ್ಪು’ ಎಂದು ಒಬ್ಬ ಅಂದದ್ದು ಸಂಘಮಿತ್ರಳ ಕಿವಿಗೆ ಸ್ಪಷ್ಟವಾಗಿ ಬಿತ್ತು. ಅವಳು ನಿಂತು ಆ ಸಾಲನ್ನು ಒಂದೊಂದೇ ಮುಖವಾಗಿ ನೋಡಿದಳು. ಯಾರೂ ಎರಡನೆಯ ಸಲ ಹೇಳಲಿಲ್ಲ.

ಬಾಗಿಲನ್ನು ಕೆಳಗಿಳಿಸಿ, “ಏಳಮ್ಮ, ಹೋಗಣ” ಎಂದಳು.

“ನಾನು ಬರಲ್ಲ” ಎಂದಳು ಗಂಗುಲಮ್ಮ. ಮುಖ ಕೆಂಪಾಗಿತ್ತು. “ಊರ ಮುಂದೆ ನನ್ನ ಬಚ್ಚಲಿಗೆ ಎಳ್ದೆ. ನಾಟಕನೂ ನಿಲ್ಲಿಸ್ದೆ. ಆ ಮಗು ಬದುಕಿತೋ ಸತ್ತಿತೋ ನೋಡ್ದೆ ನಾನು ಏಳಲ್ಲ ಕಣೇ.”

ಹೀಗಾಗಿ ಬಾಗಿಲನ್ನು ಮೊದಲ ಸಾಲಿನ ಪಕ್ಕದ ಗೋಡೆಗೆ ಒರಗಿಸಿಟ್ಟು, ತಾಯಿ ಮಗಳು ಮತ್ತೆ ಕೂತರು. ಅರಮನೆಗೆ ಬಾಗಿಲಿನ ಬದಲು ಒಂದು ಜಮಖಾನ ಇಳಿಬಿಟ್ಟು ನಾಟಕ ಮುಂದುವರಿಸಿದರು. ಮೋಹನ್‌ಬಾಬು ಅಂದು ಮೊದಲಿಗಿಂತಲೂ ಚೆನ್ನಾಗಿ ಹಾಡಿದ. ಅವಮಾನವೋ ಸಿಟ್ಟೋ ಅವನ ಗಂಟಲಿಗೆ ಏರಿ ಕೂತಿತ್ತು. ಮಗು ಬದುಕಿತು. ಗಂಗುಲಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಸಂಘಮಿತ್ರ ಮಾತ್ರ ಹಲ್ಲು ಕಚ್ಚಿಕೊಂಡು, ಒಂದು ಹನಿಯೂ ಬೀಳದಂತೆ ಸೀಲಿಂಗ್ ಫ್ಯಾನನ್ನೇ ನೋಡುತ್ತ ಕೂತಳು. ಇಷ್ಟು ಚೆನ್ನಾಗಿ ಹಾಡಲು ಇವನಿಗೇನು ಹಕ್ಕಿದೆ ಎಂದು ಅವಳಿಗೆ ಇನ್ನಷ್ಟು ಉರಿಯಿತು.

ಬಸ್‌ಸ್ಟ್ಯಾಂಡಿನಲ್ಲಿ ಶಿಡ್ಲಘಟ್ಟದ ಬಸ್ಸಿನ ಕಂಡಕ್ಟರು ಅವಳ ಡಿಪೋದ ಹಿರಿಯ ರಾಮಾಂಜಿನಪ್ಪ. ಬಾಗಿಲನ್ನು ಕಂಡು ಗಾಬರಿಯಾದ. ವಿಷಯ ಕೇಳಿ, “ಹತ್ತಿಸಮ್ಮ, ಸ್ಟಾಫಿಗೆಂಥ ಲಗೇಜು” ಎಂದ.

“ಲಗೇಜ್ ಟಿಕೆಟ್ ಹರೀರಿ. ನಾಳೆ ನಾನು ಇನ್ನೊಬ್ರನ್ನ ಕೇಳ್ಬೇಕಲ್ಲ” ಎಂದು ಹಟ ಹಿಡಿದು ಟಿಕೆಟ್ ಪಡೆದಳು. ಗಂಗುಲಮ್ಮ ಕಿಟಕಿ ಕಡೆ ಮುಖ ಮಾಡಿ ಕೂತು ಊರು ಬರುವವರೆಗೆ ಒಂದು ಮಾತೂ ಆಡಲಿಲ್ಲ.

ಅವರು ಮನೆ ಮುಟ್ಟುವ ಮೊದಲೇ ವಿಡಿಯೋ ಮನೆ ಮುಟ್ಟಿತ್ತು. ಸುನೀಲ್ ಫೋನು ಹಿಡಿದು ಹೊಸ್ತಿಲಲ್ಲೇ ನಿಂತಿದ್ದ.

“ಫ್ಯಾಕ್ಟರಿ ಗ್ರೂಪಲ್ಲೆಲ್ಲ ಬಂದಿದೆ ಮಿತ್ರಾ. ಮಾನ ಹೋಯ್ತು.”

“ಯಾರ್ದು?”

ಸುನೀಲ್ ಫೋನು ನೋಡಿದ, ಅವಳನ್ನು ನೋಡಿದ. ಫೋನಿನೊಳಗೆ ಅವನ ಹೆಂಡತಿ ಮೈಕು ಹಿಡಿದು ನಿಂತಿದ್ದಳು, ಎದುರಿಗೆ ಅವನ ಹೆಂಡತಿಯೇ ಬಾಗಿಲು ಹಿಡಿದು ನಿಂತಿದ್ದಳು.

“ಅವ್ನು ನಿನ್ನ ಮುಖ ನೋಡೇ ಮಾತಾಡ್ತಿದ್ದ” ಎಂದಳು ಸಂಘಮಿತ್ರ. “ನೀನು ಒಂದು ದಿನ, ಒಂದೇ ಒಂದು ದಿನ ಗಟ್ಟಿಯಾಗಿ ಕೇಳಿದ್ರೆ ನಾನು ಸ್ಟೇಜ್ ಹತ್ತಬೇಕಿರ್ಲಿಲ್ಲ. ಹೋಗ್ಲಿ ಬಿಡು, ಹೋಗ್ಲಿ ಬಿಡು ಅಂತ ಬಿಟ್ಟಿದ್ದೇನು ಗೊತ್ತಾ? ನಮ್ಮಮ್ಮನ ಮೈ ಮೇಲಿನ ಬಟ್ಟೆ.”

ಟಾರ್ಪಾಲು ಹಾರಿದ ಸಂಗತಿ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅದನ್ನು ಅವಳು ಈಗ ಹೇಳಿದಳು. ಅವನು ಫೋನನ್ನು ಜೇಬಿಗೆ ಹಾಕಿ, ಬಾಗಿಲಿನ ಇನ್ನೊಂದು ತುದಿ ಹಿಡಿದ. ಅಂದೇ ಸಂಜೆ ಪೇಟೆಗೆ ಹೋಗಿ ಕೀಲು, ತಿರುಪು ತಂದ. ಎಲ್ಲಿಂದಲೋ ಡ್ರಿಲ್ಲು ಕೇಳಿ ತಂದು ಗೋಡೆ ಕೊರೆಯಲು ಹೋಗಿ ಮೊದಲ ತೂತನ್ನು ತಪ್ಪು ಜಾಗದಲ್ಲಿ ಕೊರೆದ. ಆದರೂ ಬಾಗಿಲು ಒಂದು ತರಹ ನಿಂತಿತು. ಮುಚ್ಚುವಾಗ ಕೆಳಗೆ ಕೆರೆಯುತ್ತಿತ್ತು.

ಕೆಲವು ದಿನ ಬಸ್ಸಿನಲ್ಲಿ ಹುಡುಗರು, “ಅಕ್ಕಾ, ಈ ಬಾಗ್ಲೂ ನಿಮ್ದೇನಾ?” ಎಂದು ಬಸ್ಸಿನ ಬಾಗಿಲು ತೋರಿಸಿ ರೇಗಿಸಿದರು. ಅಲೀಪುರದ ಒಬ್ಬ ಮುದುಕಿ ಅವಳ ಗಲ್ಲ ಹಿಡಿದು, “ಶಾಬಾಶ್ ಬೇಟಿ” ಎಂದಳು. ಮಂಡಳಿಯ ಪರವಾಗಿ ಒಬ್ಬ ಬಸ್ಸು ಹತ್ತಿ ಬಂದು, ಅಧ್ಯಕ್ಷರಿಗೆ ಬೇಜಾರಾಗಿದೆ, ಕ್ಷಮೆ ಕೇಳಿದರೆ ಒಳ್ಳೆಯದು ಎಂದ. “ಅವ್ರು ಕೇಳ್ತಾರಂತಾ? ಯಾವಾಗ ಬರ್ತಾರೆ?” ಎಂದಳು. ಅವನು ಮುಂದಿನ ಸ್ಟಾಪಿನಲ್ಲಿ ಇಳಿದುಹೋದ.

ಒಂದು ದಿನ ಅವಳು ಮಧ್ಯಾಹ್ನದ ಡ್ಯೂಟಿಗೆ ಹೊರಡುತ್ತಿರುವಾಗ ಮೋಹನ್‌ಬಾಬುವೇ ಬಂದು ನಿಂತ. ಜೊತೆಗೆ ಇಬ್ಬರು ಆಳು, ಆಟೋದಲ್ಲಿ ಟೈಲ್ಸು. ಮುಖ ಗಂಟು ಹಾಕಿಕೊಂಡಿದ್ದ. ಈಗ ಸುನೀಲನ ಮುಖ ನೋಡಲಿಲ್ಲ, ಸುನೀಲ್ ಮನೆಯಲ್ಲಿರಲೂ ಇಲ್ಲ.

“ಒಂದ್ಮಾತು ಕೇಳ್ತೀನಿ ಅಕ್ಕಾ. ಆ ಪಾತ್ರಕ್ಕೆ ನಾನು ಎಷ್ಟು ವರ್ಷ ಕಾದಿದ್ದೆ ಗೊತ್ತಾ ನಿಮ್ಗೆ? ಕಾವಲುಗಾರ, ಸೇವಕ, ಮಂತ್ರಿ, ಎಲ್ಲ ಮಾಡ್ಕೊಂಡು ಬಂದು ರಾಜ ಆದೆ. ದಿನಾ ಸಿಮೆಂಟ್ ಕಲಸೋನ್ಗೆ ಅದೊಂದೇ ಸಂತೋಷ. ಅದನ್ನ ಹರಾಜು ಹಾಕ್ಬಿಟ್ರಲ್ಲ.”

ಅವಳು ಟಿಕೆಟ್ ಚೀಲವನ್ನು ಹೆಗಲಿನಿಂದ ತೆಗೆದು ಕುರ್ಚಿಯ ಮೇಲಿಟ್ಟಳು.

“ನಿಮ್ಗೆ ಸಂತೋಷ ಬೇಕು. ಸರಿ. ನನ್ಗೂ ಬೇಕು. ನಮ್ಮಮ್ಮಂಗೂ ಬೇಕು, ಅದಕ್ಕೇ ಆವತ್ತು ಬಂದಿದ್ವಿ. ನಾನು ಬಸ್ಸನ್ನ ಅರ್ಧ ದಾರೀಲಿ ನಿಲ್ಸಿ, ಜನಾನ ಬಿಸಿಲಲ್ಲಿ ಇಳ್ಸಿ, ನಾಟಕಕ್ಕೆ ಹೋಗ್ತೀನಿ ಅಂದ್ರೆ ನೀವೇನಂತೀರ?”

“ನಾಟಕದ ಟೈಮಲ್ಲಿ ಎಲ್ಲಾ ಕೆಲಸನೂ ಸ್ವಲ್ಪ ಲೇಟಾಯ್ತು ಅಕ್ಕಾ...”

“ಎಲ್ಲಾ ಕೆಲಸ ಆಗ್ಲಿಲ್ಲ. ಹೆಡ್‌ಮಾಸ್ಟರ ಬಾಲ್ಕನಿ ಲೇಟಾಗ್ಲಿಲ್ಲ.”

“ಅವ್ರು ದಿನಾ ಕೇಳ್ತಾರೆ.”

“ನಾನೂ ದಿನಾ ಕೇಳ್ದೆ.”

ಅವನು ಟೈಲ್ಸಿನ ಪೆಟ್ಟಿಗೆಯನ್ನು ಕಾಲಿನಿಂದ ಸರಿಸಿದ. “ಅವ್ರು ಮಂಡಳಿ ಪ್ರೆಸಿಡೆಂಟು. ಪಾತ್ರ ಕೊಡೋರು ಅವ್ರೇ.”

“ಅದೂ ಒಂದು ಕಾರಣ. ಇನ್ನೊಂದನ್ನ ನಾನು ಹೇಳಲಾ, ನೀವೇ ಹೇಳ್ತೀರಾ?” ಎಂದಳು ಸಂಘಮಿತ್ರ. “ಈ ಬೀದಿ ಜನ ಕಾಯ್ತಾರೆ ಅಂತ ನಿಮ್ಗೆ ಗೊತ್ತಿತ್ತು. ಕಾಯೋದು ಇವ್ರಿಗೆ ಅಭ್ಯಾಸ ಅಂದ್ಕೊಂಡ್ರಿ.”

ಮೋಹನ್‌ಬಾಬು ಲುಂಗಿ ಎತ್ತಿ ಕಟ್ಟಿ ಬಚ್ಚಲಿನೊಳಗೆ ಹೋದ. ಮೊದಲು ಕೀಲು ಬಿಚ್ಚಿ ಬಾಗಿಲನ್ನು ನೆಟ್ಟಗೆ ಕೂರಿಸಿದ. ಆ ದಿನ, ಮರುದಿನ, ಅದರ ಮರುದಿನವೂ ಬಂದ. ಗಂಗುಲಮ್ಮ ಅವನಿಗೆ ಕಾಫಿ ಕೊಟ್ಟಳು, ನಾಟಕದ ಬಗ್ಗೆ ಮಾತಾಡಿದಳು, ಯಾವ ರಾಗ ಎಲ್ಲಿ ಎಳೆಯಬೇಕಿತ್ತು ಎಂದು ತಪ್ಪನ್ನೂ ಹೇಳಿದಳು. ಮಗಳೊಂದಿಗೆ ಮಾತು ಬಿಟ್ಟಿದ್ದ ಮುದುಕಿ ಅವನೊಂದಿಗೆ ನಗುವುದನ್ನು ಕಂಡು ಸಂಘಮಿತ್ರಳಿಗೆ ಮೈ ಉರಿಯಿತು. ಆದರೆ ಅಮ್ಮನ ಪಕ್ಕದಲ್ಲಿ ನೀರಿನ ಚೊಂಬು ಇರುವುದೂ, ಅದು ಸಂಜೆಗೆ ಬರಿದಾಗುವುದೂ ಅವಳ ಕಣ್ಣಿಗೆ ಬಿತ್ತು.

ಕೆಲಸ ಮುಗಿಯಿತೆಂದು ಅವನು ಹೇಳಿದ ದಿನ ಅವಳು ಒಂದು ಬಕೆಟ್ ನೀರು ಸುರಿದು ನೋಡಿದಳು. ನೀರು ಮೂಲೆಯಲ್ಲಿ ನಿಂತಿತು.

“ಇಳಿಜಾರು ಸರಿಯಿಲ್ಲ. ಕಿತ್ತು ಮತ್ತೆ ಹಾಕಿ.”

“ಸ್ವಲ್ಪ ನಿಲ್ಲುತ್ತೆ ಅಕ್ಕಾ, ಒಣಗುತ್ತೆ.”

“ಅಮ್ಮ ಜಾರಿದ್ರೆ ಯಾರು ಎತ್ತೋದು? ಕಿತ್ತು ಹಾಕಿ.”

ಅವನು ಕಿತ್ತ, ಮತ್ತೆ ಹಾಕಿದ. ಎರಡನೆಯ ಸಲ ನೀರು ನೇರವಾಗಿ ತೂಬಿಗೆ ಹರಿಯಿತು. ಅವಳು ತಲೆಯಾಡಿಸಿದಳು. ‘ಚೆನ್ನಾಗಿದೆ’ ಎನ್ನಲಿಲ್ಲ.

ಗಂಗುಲಮ್ಮ ಮೊದಲ ದಿನ ಒಳಗೆ ಹೋಗಿ ಚಿಲಕ ಹಾಕಿಕೊಂಡವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಸಂಘಮಿತ್ರ ಗಾಬರಿಯಾಗಿ ಬಾಗಿಲು ತಟ್ಟಿದಳು. “ಇದೀನಿ ಕಣೇ, ಸುಮ್ನೆ ಕೂತಿದೀನಿ” ಎಂದು ಒಳಗಿನಿಂದ ಉತ್ತರ ಬಂತು. ಆ ನಾಟಕದ ದಿನದ ಮೇಲೆ ಮಗಳಿಗೆ ಆಡಿದ ಮೊದಲ ಮಾತು ಅದು.

ಶ್ರಾವಣದಲ್ಲಿ ಚಿಕ್ಕಬಳ್ಳಾಪುರದಲ್ಲಿ ಮತ್ತೊಂದು ನಾಟಕವಿತ್ತು. ಮೋಹನ್‌ಬಾಬುವಿನದೇ ಮುಖ್ಯಪಾತ್ರ. ಗಂಗುಲಮ್ಮ ಹೋಗಲೇಬೇಕೆಂದಳು. ಸಂಘಮಿತ್ರ ಬೇಡವೆನ್ನಲಿಲ್ಲ. ತನ್ನ ಬಸ್ಸಿನಲ್ಲೇ ಅಮ್ಮ ಮತ್ತು ಅಮ್ಮಾಜಮ್ಮನನ್ನು ಕರೆತಂದು, ಭವನದ ಎದುರಿನ ಸ್ಟಾಪಿನಲ್ಲಿ ಕೈಹಿಡಿದು ಇಳಿಸಿದಳು.

“ಮುಂದಿನ ಸಾಲಲ್ಲೇ ಕೂತ್ಕೊ. ಯಾರಾದ್ರೂ ಏಳು ಅಂದ್ರೆ ನಂಗೆ ಫೋನ್ ಮಾಡು.”

“ನೀನೂ ಒಂದ್ಘಳಿಗೆ ಕೇಳಿ ಹೋಗೇ. ಶುರು ಮಾಡಿದಾನೆ ನೋಡು.”

ನಿಜವೇ. ಭವನದ ಮೇಲಿನ ಸ್ಪೀಕರಿನಿಂದ ಆ ದನಿ ರಸ್ತೆಯವರೆಗೂ ಹರಿದು ಬರುತ್ತಿತ್ತು. ಬಸ್ಸಿನೊಳಗೆ ಗಲಾಟೆ ಮಾಡುತ್ತಿದ್ದವರೂ ಕಿವಿಗೊಟ್ಟು ಸುಮ್ಮನಾಗಿದ್ದರು. ಡ್ರೈವರು ಸ್ಟೀರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ಸಂಘಮಿತ್ರ ಫುಟ್‌ಬೋರ್ಡಿನ ಮೇಲೆ ನಿಂತು ಅಮ್ಮ ರಸ್ತೆ ದಾಟುವುದನ್ನು, ಭವನದ ಮೆಟ್ಟಿಲು ಹತ್ತುವುದನ್ನು ನೋಡಿದಳು. ಆಮೇಲೆ, ಆಲಾಪ ಇನ್ನೂ ಅರ್ಧದಲ್ಲಿರುವಾಗಲೇ, ಜೋರಾಗಿ ಸೀಟಿ ಊದಿ ಬಸ್ಸನ್ನು ಗೌರಿಬಿದನೂರಿನ ಕಡೆಗೆ ಹೊರಡಿಸಿದಳು.